ಹಳೆಯ ಫೋರ್ ವೀಲ್ ಗಾಡಿಗೆ ಹೊಸ ಟೈರ್ ಹಾಕುವ ಮೊದಲು ಮುಂದಿನ ಎಕ್ಸೆಲ್ ಬಿಚ್ಚಿ

ಗಾಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಮುಂದಿನ ಚಕ್ರದ ಒಳಬದಿಗೆ ಟಾರ್ಚ್ ಹಿಡಿಯಿರಿ. ಎಕ್ಸೆಲ್ ತುದಿಯಲ್ಲಿ, ಬೋಗುಣಿಯ ಬೆನ್ನಿನಂತೆ ದುಂಡಗಿರುವ ಉಕ್ಕಿನ ಗೋಳ ಕಾಣುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಆ ಗೋಳದ ಸುತ್ತಲೇ ತಿರುಗುತ್ತದೆ. ಗೋಳದ ಮೇಲೆ ತೆಳ್ಳಗೆ ಗ್ರೀಸ್ ಸವರಿದ ಮಿನುಗು ಇದ್ದರೆ ಚಿಂತೆಯಿಲ್ಲ. ಕಪ್ಪಗೆ, ನೀರುನೀರಾದ ಕೆಸರು ಇಳಿದು ಟೈರಿನ ಒಳಗೋಡೆಯವರೆಗೆ ಹರಿದಿದ್ದರೆ, ಬೆರಳಿಗೆ ಹಚ್ಚಿ ಮೂಸಿ ನೋಡಿದಾಗ ಗೇರ್ ಆಯಿಲ್‌ನ ಗಂಧಕದ ವಾಸನೆ ಬಂದರೆ, ಒಳಗಿನ ಆಯಿಲ್ ಸೀಲ್ ಹೋಗಿದೆ. ಡಿಫ್‌ನ, ಅಂದರೆ ಎಕ್ಸೆಲ್ ನಡುವೆ ಕೂತು ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ, ಆಯಿಲ್ ಗೋಳದೊಳಕ್ಕೆ ಬಂದು ಅಲ್ಲಿದ್ದ ಗ್ರೀಸನ್ನು ಕರಗಿಸಿ ಹೊರಗೆ ತಳ್ಳುತ್ತಿದೆ. ಡಿಫ್‌ನಲ್ಲಿ ಆಯಿಲ್ ಕಡಿಮೆಯಾಗುತ್ತಿದೆ, ಗೋಳದಲ್ಲಿ ಗ್ರೀಸ್ ಇಲ್ಲ. ಎರಡು ಕಡೆಯೂ ನಷ್ಟ.

ನನ್ನದು 1984ರ ಟೊಯೋಟಾ ಲ್ಯಾಂಡ್ ಕ್ರೂಸರ್, ಬಿಜೆ60. 3.4 ಲೀಟರ್ ಡೀಸೆಲ್ ಎಂಜಿನ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಹಿಂದೆಯೂ ಮುಂದೆಯೂ ಒಂದೇ ತುಂಡಿನ ಗಟ್ಟಿ ಎಕ್ಸೆಲ್. ನನ್ನ ಸೋದರಮಾವ ಇಪ್ಪತ್ತು ವರ್ಷ ಓಡಿಸಿ ನನ್ನ ಕೈಗೆ ಕೊಟ್ಟ ಗಾಡಿ. ಬಂದ ವರ್ಷವೇ ನಾನು ಅದಕ್ಕೆ ಎರಡು ಇಂಚು ಎತ್ತರದ ಸ್ಪ್ರಿಂಗ್, ದೊಡ್ಡ ಟೈರ್ ಹಾಕಿಸಿದೆ. ತಿಂಗಳೊಳಗೆ ಒಂದು ಗುಂಡಿ ಹಾರಿದ್ದೇ ತಡ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮುಂದಿನ ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗಿದವು. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ನಡುಕ. ಗಾಡಿ ಪೂರ್ತಿ ನಿಂತ ಮೇಲಷ್ಟೇ ಅದು ನಿಂತದ್ದು. ಟೈರ್ ಬ್ಯಾಲೆನ್ಸ್ ಮಾಡಿಸಿದೆ, ಸ್ಟೀರಿಂಗಿನ ನಡುಕ ತಡೆಯುವ ಡ್ಯಾಂಪರ್ ಬದಲಿಸಿದೆ, ಹೋಗಲಿಲ್ಲ. ಕೊನೆಗೆ ಚಕ್ರ ಬಿಚ್ಚಿ ನೋಡಿದರೆ ಗೋಳದ ಮೇಲೆ ಕೆಳಗೆ ಕೂರುವ ಬೇರಿಂಗ್‌ಗಳ ರೋಲರ್‌ಗಳು ತಾವು ಉರುಳುವ ಉಕ್ಕಿನ ಬಟ್ಟಲಿನಲ್ಲಿ ಗುಳಿ ತೋಡಿಕೊಂಡಿದ್ದವು. ಹಳೆಯ ಹಗುರ ಟೈರ್ ಆ ಸಡಿಲವನ್ನು ಇಷ್ಟು ವರ್ಷ ಮರೆಸಿಟ್ಟಿತ್ತು. ಭಾರದ ಟೈರ್ ಅದನ್ನು ಬಯಲಿಗೆ ತಂದಿತು. ಅಂದಿನಿಂದ ಯಾರು ನನ್ನ ಹತ್ತಿರ ಎತ್ತರದ ಸ್ಪ್ರಿಂಗ್, ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಡಿಫ್ ಬಂಧಿಸುವ ಸಾಧನ), ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ರಾಟೆ) ಅಂತ ಕೇಳಿಕೊಂಡು ಬಂದರೂ ಮೊದಲು ಮುಂದಿನ ಎಕ್ಸೆಲ್ ಯಾವಾಗ ಬಿಚ್ಚಿದ್ದೀರಿ ಎಂದೇ ಕೇಳುತ್ತೇನೆ.

ಇಲ್ಲಿ ಹೇಳುವುದು ನನ್ನ ಗಾಡಿಯ ಕೆಲಸ. ಲ್ಯಾಂಡ್ ಕ್ರೂಸರ್ 40 ಸರಣಿ, ಸುಜುಕಿ ಎಸ್‌ಜೆ, ಹಳೆಯ ನಿಸಾನ್ ಪ್ಯಾಟ್ರೋಲ್ ಇವುಗಳಲ್ಲೂ ಗೋಳದ ಎಕ್ಸೆಲ್ಲೇ ಇದೆ, ಬಿಚ್ಚುವ ಕ್ರಮ ಬಹುಮಟ್ಟಿಗೆ ಇದೇ. ಬಿಗಿತದ ಅಳತೆಗಳನ್ನು ಮಾತ್ರ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ.

ಬಿಚ್ಚುವ ಮೊದಲು ಹತ್ತು ನಿಮಿಷದ ಪರೀಕ್ಷೆ

ಮುಂದಿನ ಎಕ್ಸೆಲ್ ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಟಕ್ ಟಕ್ ಎಂದು ಆಡಿದರೆ ಇನ್ನೊಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತುಹೋದರೆ ಸಡಿಲ ಇರುವುದು ಚಕ್ರದ ಬೇರಿಂಗ್‌ನಲ್ಲಿ, ಏಕೆಂದರೆ ಬ್ರೇಕ್ ಹಿಡಿದಾಗ ಹಬ್ಬೂ (ಚಕ್ರ ಕೂರುವ ನಡುಭಾಗ) ನಕಲ್ಲೂ (ಗೋಳವನ್ನು ಅಪ್ಪಿಕೊಂಡು ಸ್ಟೀರಿಂಗ್ ಜೊತೆ ತಿರುಗುವ ಭಾಗ) ಒಂದೇ ಆಗಿಬಿಡುತ್ತವೆ. ಬ್ರೇಕ್ ಒತ್ತಿದರೂ ಆಟ ಉಳಿದರೆ ಅದು ಗೋಳದ ಮೇಲೆ ಕೆಳಗಿನ ಬೇರಿಂಗ್‌ನದು, ಅಂದರೆ ಕಿಂಗ್ ಪಿನ್ ಬೇರಿಂಗ್‌ನದು. ನನ್ನ ಅಕ್ಕನ ಮಗ ಬ್ರೇಕ್ ಒತ್ತಿದ್ದ, ನಾನು ಚಕ್ರ ಹಿಡಿದಿದ್ದೆ. ಈ ಪರೀಕ್ಷೆ ಮೊದಲೇ ಗೊತ್ತಿದ್ದಿದ್ದರೆ ಡ್ಯಾಂಪರ್ ಬದಲಿಸುವ ಕೆಲಸವೇ ಬೀಳುತ್ತಿರಲಿಲ್ಲ.

ಆಮೇಲೆ ಬಯಲಿನಲ್ಲಿ, ಮುಂದಿನ ಚಕ್ರಗಳು ಶಾಫ್ಟಿಗೆ ಜೋಡುವಂತೆ ಹಬ್ ಲಾಕ್ ಮಾಡಿ, ಫೋರ್ ವೀಲ್‌ಗೆ ಹಾಕಿ, ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಸಡಿಲ ಮಣ್ಣಿನ ಮೇಲೆ ನಿಧಾನಕ್ಕೆ ಓಡಿಸಿ. ಚಕ್ರದ ಕಡೆಯಿಂದ ಕಟಕಟ ಸದ್ದು ಬಂದರೆ, ಗೋಳದೊಳಗೆ ಕೂತು ಚಕ್ರ ಓರೆಯಾದಾಗಲೂ ಅದಕ್ಕೆ ಶಕ್ತಿ ಮುಟ್ಟಿಸುವ ಸಿವಿ ಜಾಯಿಂಟ್ ಸವೆದಿದೆ. ಬರ್ಫೀಲ್ಡ್ ಎಂದು ಗಾಡಿಯವರು ಕರೆಯುವ ಈ ಜಾಯಿಂಟ್‌ನಲ್ಲಿ ಆರು ಉಕ್ಕಿನ ಗುಂಡುಗಳು ಆರು ಕಾಲುವೆಗಳಲ್ಲಿ ಓಡುತ್ತವೆ. ಗಾಡಿ ಹೆಚ್ಚಾಗಿ ಮುಂದಕ್ಕೇ ಓಡುವುದರಿಂದ ಕಾಲುವೆಯ ಒಂದು ಮೈ ಮಾತ್ರ ಸವೆಯುತ್ತದೆ. ಸವೆತ ಅಲ್ಪವಾಗಿದ್ದರೆ ಎಡದ ಜಾಯಿಂಟನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಸವೆಯದ ಮೈ ಭಾರ ಹೊರುತ್ತದೆ. ನಾನು ಹಾಗೆ ಅದಲು ಬದಲು ಮಾಡಿಯೇ ಈಗಲೂ ಓಡಿಸುತ್ತಿದ್ದೇನೆ. ಕಾಲುವೆಯಲ್ಲಿ ಚಕ್ಕೆ ಎದ್ದಿದ್ದರೆ, ಬಿರುಕು ಕಂಡರೆ ಅದಲು ಬದಲಿನ ಮಾತೇ ಬೇಡ, ಹೊಸದೇ ಹಾಕಬೇಕು.

ಬಿಚ್ಚುವುದು

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಜಾಕ್ ನಂಬಿಕೊಂಡು ಗಾಡಿಯ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇರಲೇಬೇಕು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು. ಹಳೆಯ ಗಾಡಿಗಳ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತಿತ್ತು. ಆದ್ದರಿಂದ ಬ್ರೇಕಿನ ಪುಡಿಯನ್ನು ಬಾಯಲ್ಲಾಗಲಿ, ಏರ್ ಗನ್ನಿನಲ್ಲಾಗಲಿ ಊದಬೇಡಿ. ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒದ್ದೆ ಇರುವಾಗಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆಯಿರಿ.

ಚಕ್ರ ತೆಗೆಯಿರಿ. ಬ್ರೇಕ್ ಹಿಡಿಯುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ ನೇತುಹಾಕಿ. ಅದರ ಭಾರ ಬ್ರೇಕ್ ಹೋಸಿನ ಮೇಲೆ ಬೀಳಬಾರದು. ಲಾಕಿಂಗ್ ಹಬ್ಬಿನ ಮುಚ್ಚಳ ತೆಗೆದ ಮೇಲೆ ಆರು ನಟ್‌ಗಳು ಸಿಗುತ್ತವೆ, ಪ್ರತಿಯೊಂದರ ಕೆಳಗೂ ಒಂದು ಸೀಳಿರುವ ಕೋನ್ ವಾಶರ್. ನಟ್ ಬಂದರೂ ಈ ಕೋನ್‌ಗಳು ಬರುವುದಿಲ್ಲ. ಹೊಸಬರು ಇಲ್ಲಿ ಉಳಿ ತೂರಿಸಿ ಹಬ್ಬಿನ ಮೈ ಹಾಳು ಮಾಡಿಕೊಳ್ಳುತ್ತಾರೆ. ಮಾಡಬೇಕಾದ್ದು ಇಷ್ಟು: ನಟ್ಟನ್ನು ಸ್ಟಡ್ಡಿನ ತುದಿಗೆ ಸಮವಾಗಿ ನಿಲ್ಲುವಷ್ಟು ಮಾತ್ರ ಬಿಚ್ಚಿ, ಹಿತ್ತಾಳೆ ಸರಳು ಅದರ ಮೇಲಿಟ್ಟು ಸುತ್ತಿಗೆಯಿಂದ ಒಂದು ಚುರುಕಾದ ಏಟು ಕೊಡಿ, ಸುತ್ತಲೂ ಹಬ್ಬಿನ ಅಂಚಿಗೂ ಕೊಡಿ. ನಾಲ್ಕಾರು ಏಟಿಗೆ ಕೋನ್ ಟಣ್ ಎಂದು ಸಡಿಲಾಗುವ ಸದ್ದು ಕೇಳುತ್ತದೆ. ಹಿತ್ತಾಳೆಯೇ ಏಕೆಂದರೆ ಅದು ಮೆತ್ತಗಿನ ಲೋಹ, ಸ್ಟಡ್ಡಿನ ಮರೆ, ಅಂದರೆ ತಿರುಪಿನ ಸುತ್ತು, ಕೆಡುವುದಿಲ್ಲ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಒಳಗೆ ದೊಡ್ಡ ಲಾಕ್ ನಟ್, ಮಡಚಿದ ಲಾಕ್ ವಾಶರ್, ಅದರ ಹಿಂದೆ ಬೇರಿಂಗ್ ಬಿಗಿಯುವ ಇನ್ನೊಂದು ನಟ್. ಟೊಯೋಟಾದಲ್ಲಿ ಇವಕ್ಕೆ 54 ಮಿಲಿಮೀಟರ್ ಸಾಕೆಟ್ ಬೇಕು. ಉಳಿ ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿದ ನಟ್‌ಗಳನ್ನು ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ. ಮೂಲೆಗಳೆಲ್ಲ ಹಣ್ಣಾಗಿ, ಸರಿಯಾದ ಬಿಗಿತಕ್ಕೆ ತರಲು ಸಾಧ್ಯವೇ ಇಲ್ಲದಂತಾಗಿರುತ್ತವೆ. ಸಾಕೆಟ್ ಕೊಂಡುಕೊಳ್ಳಿ, ಇಡೀ ಕೆಲಸಕ್ಕೆ ಅಂತ ಬೇಕಾಗುವ ವಿಶೇಷ ಸಾಮಾನು ಅದೊಂದೇ.

ಹಬ್ ಬಂದ ಮೇಲೆ, ಅದು ಕೂತಿದ್ದ ಟೊಳ್ಳು ಕೊಳವೆಯ, ಅಂದರೆ ಸ್ಪಿಂಡಲ್‌ನ, ಎಂಟು ಬೋಲ್ಟ್ ಬಿಚ್ಚಿ, ಮರದ ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿ. ಕೆಳಗೆ ಒಂದು ಅಗಲವಾದ ತಟ್ಟೆ ಇಟ್ಟಿರಿ, ಕೆಟ್ಟ ಗ್ರೀಸ್ ಇಲ್ಲಿಂದಲೇ ಸುರಿಯುವುದು. ಈಗ ಎಕ್ಸೆಲ್ ಶಾಫ್ಟ್ ಜಾಯಿಂಟ್ ಸಮೇತ ಹೊರಕ್ಕೆ ಎಳೆಯಬೇಕು. ಬರಲು ಹಟ ಮಾಡಿದರೆ ಜಾಯಿಂಟ್‌ನ ಹೊರಮೈಯಲ್ಲಿರುವ ಚಪ್ಪಟೆ ಭಾಗ ಮೇಲಕ್ಕೆ ಬರುವಂತೆ ತಿರುಗಿಸಿ ಎಳೆಯಿರಿ, ಬರುತ್ತದೆ.

ಆಮೇಲೆ ನಕಲ್. ಗೋಳದ ಹಿಂಬದಿಯ ಒರೆಸುವ ಸೀಲ್ ಹಿಡಿದಿರುವ ಬಿಲ್ಲೆಗಳನ್ನು ಬಿಚ್ಚಿ, ಸ್ಟೀರಿಂಗ್ ಆರ್ಮ್ ಮತ್ತು ಅದರ ಎದುರಿನ ಮುಚ್ಚಳ ತೆಗೆಯಿರಿ. ಇಲ್ಲೂ ಕೋನ್ ವಾಶರ್‌ಗಳಿವೆ. ಇವೆರಡರ ಕೆಳಗೆ ಶಿಮ್‌ಗಳು, ಅಂದರೆ ಅಂತರ ಹೊಂದಿಸುವ ತೆಳ್ಳನೆಯ ಲೋಹದ ಬಿಲ್ಲೆಗಳು, ಇರುತ್ತವೆ. ನನ್ನ ಮಾತು ಕೇಳಿ, ಬೇರೆ ಏನನ್ನು ಕಲೆಸಿದರೂ ಶಿಮ್‌ಗಳನ್ನು ಮಾತ್ರ ಕಲೆಸಬೇಡಿ. ನಾಲ್ಕು ಲಕೋಟೆ ತೆಗೆದುಕೊಂಡು ಎಡ ಮೇಲೆ, ಎಡ ಕೆಳಗೆ, ಬಲ ಮೇಲೆ, ಬಲ ಕೆಳಗೆ ಎಂದು ಬರೆದು, ತೆಗೆದ ಕೂಡಲೇ ಒಳಗೆ ಹಾಕಿ. ನಕಲ್ ಗೋಳದ ನಡುವಿನಲ್ಲಿ ಸರಿಯಾಗಿ ಕೂರುವುದು ಈ ಶಿಮ್‌ಗಳ ಲೆಕ್ಕದಿಂದಲೇ. ನಕಲ್ ಹೊರಗೆಳೆಯುವಾಗ ಕೆಳಗಿನ ಬೇರಿಂಗ್ ಕೈ ಜಾರಿ ಬೀಳುತ್ತದೆ, ಅಂಗೈ ಒಡ್ಡಿರಿ.

ಸ್ವಚ್ಛ ಮಾಡುವುದು, ಜೋಡಿಸುವುದು

ಬಿಚ್ಚಲು ನನಗೆ ಅರ್ಧ ದಿನ ಹಿಡಿಯಿತು. ತೊಳೆಯಲು ಒಂದು ಇಡೀ ದಿನ. ಅದೇ ಸರಿಯಾದ ಲೆಕ್ಕ. ಸೀಮೆಎಣ್ಣೆ, ಬ್ರಷ್ಷು, ಹಳೇ ಬಟ್ಟೆ, ತಾಳ್ಮೆ ಇಷ್ಟೇ ಬೇಕಾದ್ದು. ಗೋಳದ ಹೊರಮೈಯಲ್ಲಿ ತುಕ್ಕಿನ ಚುಕ್ಕೆಗಳಿದ್ದರೆ ನಯವಾದ ಎಮರಿ ಪೇಪರಿನಿಂದ ತಿಕ್ಕಿ, ಬೆರಳಾಡಿಸಿದರೆ ಎಲ್ಲೂ ಉಗುರು ಸಿಕ್ಕಬಾರದು. ಸಿಕ್ಕಿದರೆ ಹೊಸ ಸೀಲನ್ನೂ ಅದು ಕೊರೆಯುತ್ತದೆ. ಸಿವಿ ಜಾಯಿಂಟನ್ನು ಬಿಚ್ಚಿ ಒಂದೊಂದು ಗುಂಡನ್ನೂ ಹೊರತೆಗೆದು ತೊಳೆಯಿರಿ. ಯಾವ ಗುಂಡು ಯಾವ ಕಾಲುವೆಯಲ್ಲಿತ್ತೋ ಅಲ್ಲಿಗೇ ಹಾಕಿ.

ಬೇರಿಂಗ್‌ಗಳ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ. ಕನ್ನಡಿಯಂತೆ ಒಂದೇ ಬಣ್ಣ ಇದ್ದರೆ ಉಳಿಸಿಕೊಳ್ಳಬಹುದು. ಬೂದು ಗೆರೆ, ಗುಳಿ, ನೀಲಿ ಛಾಯೆ ಯಾವುದಿದ್ದರೂ ಬಟ್ಟಲು ಸಮೇತ ಬದಲಿಸಿ. ಹಳೆಯ ಬಟ್ಟಲಿಗೆ ಹೊಸ ಬೇರಿಂಗ್ ಹಾಕಿ ಉಳಿತಾಯ ಮಾಡಲು ಹೋಗಬೇಡಿ. ಕಿಂಗ್ ಪಿನ್ ಬೇರಿಂಗ್ ಅಂತೂ ನಾನು ನೋಡಿಯೂ ನೋಡದೆ ಹೊಸದೇ ಹಾಕುತ್ತೇನೆ.

ಒಳಗಿನ ಆಯಿಲ್ ಸೀಲ್ ಕೂರುವ ಜಾಗವನ್ನು ಒರೆಸಿ, ಹೊಸ ಸೀಲನ್ನು ಅದರ ಹೊರಸುತ್ತಿನ ಗಾತ್ರದ ಸಾಕೆಟ್ ಅಥವಾ ಪೈಪಿನ ತುಂಡು ಇಟ್ಟು ಸಮವಾಗಿ ತಟ್ಟಿ ಕೂರಿಸಿ. ಶಾಫ್ಟಿನ ಮೇಲೆ ಹಳೆಯ ಸೀಲ್ ಉಜ್ಜಿ ತೋಡಿದ ಗೆರೆ ಕಂಡರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿ, ಅದರ ತುಟಿ ಸವೆಯದ ಮೈ ಮೇಲೆ ಬರಲಿ. ತುಟಿಗೆ ಗ್ರೀಸ್ ಸವರಿ.

ಈಗ ನಕಲ್ ಹಾಕುವ ಮೊದಲು ನಿಲ್ಲಿ. ಗೋಳವನ್ನು ಹಿಂದಿನಿಂದ ಒರೆಸುವ ಫೆಲ್ಟ್, ರಬ್ಬರ್, ಉಕ್ಕಿನ ಉಂಗುರ ಇವು ಗೋಳದ ಮೇಲೆ ಮೊದಲೇ ಏರಿರಬೇಕು. ನಾನು ಬಲಗಡೆ ಇದನ್ನು ಮರೆತು ಪೂರ್ತಿ ಜೋಡಿಸಿ, ಮತ್ತೆ ಎಲ್ಲ ಬಿಚ್ಚಬೇಕಾಯಿತು. ಈಗ ಗ್ರೀಸ್ ಡಬ್ಬಿಯ ಮುಚ್ಚಳದ ಮೇಲೆಯೇ ಈ ಮೂರನ್ನು ಸಾಲಾಗಿ ಇಟ್ಟುಕೊಳ್ಳುತ್ತೇನೆ. ಡಬ್ಬಿ ತೆರೆಯಬೇಕಾದರೆ ಅವು ಕೈಗೆ ಬರಲೇಬೇಕು.

ಬೇರಿಂಗ್, ಶಿಮ್, ಆರ್ಮ್, ಮುಚ್ಚಳ ಹಾಕಿ ಬಿಗಿದ ಮೇಲೆ, ಒರೆಸುವ ಸೀಲ್ ಬಿಗಿಯುವ ಮೊದಲು, ಶಾಫ್ಟ್ ಒಳಗೆ ಹಾಕುವ ಮೊದಲು ಒಂದು ಅಳತೆ ಇದೆ. ಸ್ಟೀರಿಂಗ್ ಆರ್ಮ್‌ನ ತುದಿಯ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನೇರಕ್ಕೆ ಎಳೆಯಿರಿ. ನಕಲ್ ತಿರುಗಲು ಶುರುವಾದಾಗ ಮುಳ್ಳು ಎಷ್ಟು ಕಿಲೋ ತೋರಿಸುತ್ತದೆ ಎಂದು ನೋಡಿ, ಮ್ಯಾನುಯಲ್‌ನ ಅಂಕಿಗೆ ಹೋಲಿಸಿ. ಹಗುರವಾಗಿ ತಿರುಗಿದರೆ ಶಿಮ್ ತೆಗೆಯಬೇಕು, ಬಿಗಿಯಾದರೆ ಸೇರಿಸಬೇಕು. ಮೇಲೂ ಕೆಳಗೂ ಸಮನಾಗಿ ತೆಗೆದು ಸೇರಿಸಿದರೆ ನಕಲ್ ನಡುವಿನಿಂದ ಸರಿಯುವುದಿಲ್ಲ. ಸೀಲ್‌ಗಳನ್ನು ಬಿಗಿದ ಮೇಲೆ ಎಳೆದರೆ ಸೀಲಿನ ಹಿಡಿತವೂ ಸೇರಿ ಸುಳ್ಳು ಅಂಕಿ ಬರುತ್ತದೆ. ನನ್ನ ಗಾಡಿಯ ನಡುಕಕ್ಕೆ ಮದ್ದು ಸಿಕ್ಕಿದ್ದು ಈ ತಕ್ಕಡಿಯಲ್ಲಿ.

ಶಾಫ್ಟ್ ಒಳಗೆ ಹಾಕುವಾಗ ಅದರ ಭಾರ ಹೊಸ ಸೀಲಿನ ತುಟಿಯ ಮೇಲೆ ಬೀಳಲು ಬಿಡಬೇಡಿ. ಒಂದು ಕೈ ಕೆಳಗೆ ಕೊಟ್ಟು ಎತ್ತಿ ಹಿಡಿದೇ ತೂರಿಸಿ, ಒಳಗಿನ ಹಲ್ಲುಗಳು ಡಿಫ್‌ನಲ್ಲಿ ಕೂರುವವರೆಗೂ ಸಹನೆಯಿಂದ ತಿರುಗಿಸುತ್ತಾ ತಳ್ಳಿ. ಹೊಸ ಸೀಲ್ ವಾರದಲ್ಲೇ ಸೋರಿತು ಎಂದು ದೂರುವವರಲ್ಲಿ ಹೆಚ್ಚಿನವರು ಇಲ್ಲಿಯೇ ಅವಸರ ಮಾಡಿರುತ್ತಾರೆ.

ಜಾಯಿಂಟಿಗೂ ಗೋಳದ ಒಳಕ್ಕೂ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್, ಗೋಳದ ಮುಕ್ಕಾಲು ಭಾಗ ತುಂಬುವಷ್ಟು. ಪೂರ್ತಿ ತುಂಬಿದರೆ ಬಿಸಿಯಾದಾಗ ಹಿಗ್ಗಲು ಜಾಗವಿಲ್ಲದೆ ಸೀಲ್ ದಾಟಿ ಹೊರಬರುತ್ತದೆ. ಚಕ್ರದ ಬೇರಿಂಗಿಗೆ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್. ಹಳೆಯದನ್ನು ಪೂರ್ತಿ ತೊಳೆಯದೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಒಂದಕ್ಕೊಂದು ಹೊಂದದೆ ನೀರಾಗಿಬಿಡುತ್ತವೆ. ಬೇರಿಂಗ್‌ಗೆ ಗ್ರೀಸ್ ತುಂಬುವುದು ಕೈಯಿಂದಲೇ ಚೆನ್ನ. ಎಡ ಅಂಗೈಯಲ್ಲಿ ನಿಂಬೆಗಾತ್ರದ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲದ ಅಂಚನ್ನು ಅದರೊಳಕ್ಕೆ ಒತ್ತಿ ಎಳೆಯಿರಿ, ಒತ್ತಿ ಎಳೆಯಿರಿ. ರೋಲರ್‌ಗಳ ನಡುವಿನಿಂದ ಆಚೆ ಕಡೆ ಗ್ರೀಸ್ ಹುಳುವಿನಂತೆ ಹೊರಬಂದಾಗ ಆ ಜಾಗ ತುಂಬಿತು. ತಿರುಗಿಸಿ ಮುಂದಿನ ಜಾಗಕ್ಕೆ ಹೋಗಿ. ಒಂದು ಬೇರಿಂಗಿಗೆ ಐದು ನಿಮಿಷ.

ಹಬ್ ಹಾಕಿ ಒಳ ನಟ್ಟನ್ನು ಮೊದಲು ಬಿಗಿಯಾಗಿ ಎಳೆದು, ಹಬ್ಬನ್ನು ಎರಡೂ ಕಡೆಗೆ ಹಲವು ಸುತ್ತು ತಿರುಗಿಸಿ ರೋಲರ್ ಕೂರಲು ಬಿಡಿ. ಸಡಿಲಿಸಿ. ಮತ್ತೆ ಮ್ಯಾನುಯಲ್ ಹೇಳಿದಷ್ಟು ಮಾತ್ರ ಬಿಗಿದು, ಲಾಕ್ ವಾಶರ್ ಹಾಕಿ, ಹೊರ ನಟ್ ಬಿಗಿದು, ವಾಶರಿನ ಒಂದು ಕಿವಿಯನ್ನು ಒಳ ನಟ್ಟಿನ ಮೇಲೆ, ಇನ್ನೊಂದನ್ನು ಹೊರ ನಟ್ಟಿನ ಮೇಲೆ ಮಡಚಿ. ಹೊರ ನಟ್ ಬಿಗಿದ ಮೇಲೆ ಬಿಗಿತ ಸ್ವಲ್ಪ ಏರುತ್ತದೆ, ಆದ್ದರಿಂದ ಕೊನೆಗೆ ಇನ್ನೊಮ್ಮೆ ನೋಡಿ.

ಸೀಲ್ ಹೋಗುವುದಕ್ಕೆ ಕಾರಣವೇ ಬೇರೆ ಇರಬಹುದು

ಎಕ್ಸೆಲ್ ಹೌಸಿಂಗ್‌ನ ಮೇಲೆ ಬೆರಳ ತುದಿಯಷ್ಟು ಚಿಕ್ಕ ಬ್ರೀದರ್ ಇರುತ್ತದೆ. ಡಿಫ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಇದರಿಂದ ಹೊರಹೋಗಬೇಕು. ಕೆಸರು ಮೆತ್ತಿ ಇದು ಮುಚ್ಚಿದರೆ ಗಾಳಿಯ ಒತ್ತಡ ಆಯಿಲನ್ನು ಸೀಲ್ ದಾಟಿಸುತ್ತದೆ. ಬಿಸಿ ಎಕ್ಸೆಲ್ ಹೊಳೆಗೆ ಇಳಿದಾಗ ತಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಆಗ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಡಿಫ್ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಇದೇ ಕತೆ. ಸೀಲ್ ಬದಲಿಸಿ ಬ್ರೀದರ್ ನೋಡದಿದ್ದರೆ ಹೊಸ ಸೀಲಿಗೂ ಅದೇ ಗತಿ.

ಹಳೆಯ ಗಾಡಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಖರ್ಚು ಅತಿ ಕಡಿಮೆ, ಫಲ ಅತಿ ಹೆಚ್ಚು ಇರುವುದು ಇದೊಂದೇ ಎಂಬುದು ನನ್ನ ನಂಬಿಕೆ: ಬ್ರೀದರ್ ತೆಗೆದು, ಅದೇ ಮರೆಯ ಹೋಸ್ ನಿಪ್ಪಲ್ ಹಾಕಿ, 8 ಮಿಲಿಮೀಟರ್ ಆಯಿಲ್ ಹೋಸನ್ನು ಎಂಜಿನ್ ಕೋಣೆಯ ಎತ್ತರದ ಜಾಗದವರೆಗೆ ಒಯ್ದು ತುದಿಗೆ ಚಿಕ್ಕ ಫಿಲ್ಟರ್ ಕೂರಿಸುವುದು. ಎಕ್ಸೆಲ್ ಪೂರ್ತಿ ಕೆಳಗಿಳಿದಾಗಲೂ ಹೋಸ್ ಎಳೆಯದಂತೆ ಸಡಿಲ ಬಿಡಿ. ಆದರೆ ನಡುವೆ ಎಲ್ಲೂ ಜೋತು ಬಿದ್ದು ಗುಂಡಿಯಾಗಬಾರದು, ಅಲ್ಲಿ ನೀರು ನಿಂತು ದಾರಿ ಮುಚ್ಚುತ್ತದೆ. ಹಿಂದಿನ ಎಕ್ಸೆಲ್, ಎರಡೂ ಎಕ್ಸೆಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೂ ಇದನ್ನೇ ಮಾಡಿ.

ದೀಪಗಳು

ಹಳೆಯ ಗಾಡಿಯ ದೀಪ ಮಂಕು ಎಂದು ಬಲ್ಬ್ ಬದಲಿಸುವವರೇ ಎಲ್ಲ. ಮೊದಲು ಅಳೆಯಿರಿ. ಎಂಜಿನ್ ಓಡುತ್ತಿರುವಾಗ ನನ್ನ ಬ್ಯಾಟರಿಯಲ್ಲಿ 13.9 ವೋಲ್ಟ್ ಇತ್ತು, ಬಲ್ಬಿನ ಕಾಲಿನಲ್ಲಿ 11.8. ಉಳಿದದ್ದು ನಲವತ್ತು ವರ್ಷದ ಸ್ವಿಚ್ಚು, ತೆಳು ವೈರು, ತುಕ್ಕು ಹಿಡಿದ ಕನೆಕ್ಟರ್‌ಗಳಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜ್ ಇಳಿದ ಪ್ರಮಾಣಕ್ಕಿಂತ ಬಹಳ ಜೋರಾಗಿ ಇಳಿಯುತ್ತದೆ. ನೂರಕ್ಕೆ ಹತ್ತು ಭಾಗ ವೋಲ್ಟೇಜ್ ಹೋದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಭಾಗ ಹೋಗುತ್ತದೆ. ನನ್ನ ಗಾಡಿಯಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಳಿದಿತ್ತು.

ಎರಡು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬ್ಯಾಟರಿಯ ದೊಡ್ಡ ಕರೆಂಟನ್ನು ಬಿಡುವ ಪೆಟ್ಟಿಗೆ) ಸಾಕು, ಒಂದು ಲೋ ಬೀಮಿಗೆ, ಒಂದು ಹೈ ಬೀಮಿಗೆ. 55 ವಾಟ್‌ನ ಎರಡು ಬಲ್ಬಿಗೆ 12 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಬೇಕು, ಅದಕ್ಕೆ 2.5 ಚದರ ಮಿಲಿಮೀಟರ್ ವೈರ್, ಬ್ಯಾಟರಿಗೆ ಅಂಗೈ ದೂರದಲ್ಲಿ 15 ಆಂಪಿಯರ್ ಫ್ಯೂಸ್. ಹಲವು ಹಳೆಯ ಟೊಯೋಟಾಗಳಲ್ಲಿ ಸ್ವಿಚ್ಚು ಪಾಸಿಟಿವ್ ಬದಲು ಅರ್ತ್ ಕಡೆಯನ್ನು ಕಡಿಯುತ್ತದೆ, ಆದ್ದರಿಂದ ವೈರಿಂಗ್ ಕತ್ತರಿಸುವ ಗೋಜಿಗೆ ಹೋಗಬೇಡಿ. ಒಂದು ದೀಪದ ಹಳೆಯ ಪ್ಲಗ್ಗಿನ ಮೂರು ಕಾಲುಗಳಲ್ಲಿ, ಲೋ ಹೈ ಎರಡೂ ಬೀಮಿಗೆ ಸಾಮಾನ್ಯವಾದ ಕಾಲು ಮತ್ತು ಲೋ ಕಾಲಿನ ನಡುವೆ ಮೊದಲ ರಿಲೇಯ 85, 86 ಕಾಲುಗಳನ್ನು ಸೇರಿಸಿ. ಸಾಮಾನ್ಯ ಕಾಲು ಮತ್ತು ಹೈ ಕಾಲಿನ ನಡುವೆ ಎರಡನೆಯದನ್ನು. ಡಯೋಡ್ ಇಲ್ಲದ ರಿಲೇ ಆದರೆ ಯಾವುದು ಪಾಸಿಟಿವ್ ಎಂಬ ಪ್ರಶ್ನೆಯೇ ಬರುವುದಿಲ್ಲ. 30ಕ್ಕೆ ಫ್ಯೂಸಿನಿಂದ ಬಂದ ವೈರು, 87ರಿಂದ ಬಲ್ಬಿಗೆ. ಬಲ್ಬಿನ ಅರ್ತ್ ವೈರನ್ನು ಬಣ್ಣ ಕೆರೆದ ಬರೀ ಲೋಹಕ್ಕೆ ಬೋಲ್ಟ್ ಮಾಡಿ, ಮೇಲೆ ಗ್ರೀಸ್ ಸವರಿ. ಈಗ ಬಲ್ಬಿನಲ್ಲಿ 13.6 ವೋಲ್ಟ್ ಇದೆ, ಬಲ್ಬು ಅದೇ. ಕೆಲವು ಡೀಸೆಲ್ ಲ್ಯಾಂಡ್ ಕ್ರೂಸರ್‌ಗಳು 24 ವೋಲ್ಟ್‌ನವು, ರಿಲೇ ಕೊಳ್ಳುವ ಮೊದಲು ನೋಡಿಕೊಳ್ಳಿ.

ಅರ್ತ್ ಮಾತು ಬಂದಾಗ ಇನ್ನೊಂದು: ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಮೈಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಪಟ್ಟಿ ಬದಲಿಸಿ. ಸೆಲ್ಫ್ ಮೋಟಾರ್ ಕೆಟ್ಟಿದೆ ಎಂದು ಬಿಚ್ಚಿದ ಎಷ್ಟೋ ಗಾಡಿಗಳಲ್ಲಿ ಕೆಟ್ಟದ್ದು ಆ ಪಟ್ಟಿ.

ಇಷ್ಟಾದ ಮೇಲೆ ಟೈರು, ಸ್ಪ್ರಿಂಗು

ಸ್ಪ್ರಿಂಗ್ ಎತ್ತರಿಸಿದರೆ ಬ್ರೇಕ್ ಹೋಸ್ ಉದ್ದ ಸಾಲುತ್ತದೆಯೇ ನೋಡಿ. ಎಕ್ಸೆಲ್ ಪೂರ್ತಿ ಇಳಿಬಿಟ್ಟು, ಸ್ಟೀರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಉದ್ದ ಮಾಡಿ ಎತ್ತರ ಪಡೆಯುವುದು ನನಗೆ ಇಷ್ಟವಿಲ್ಲ. ನಾಲ್ಕು ಇಂಚು ಉದ್ದಕ್ಕೆ ಎರಡೇ ಇಂಚು ಎತ್ತರ ಸಿಗುತ್ತದೆ, ಮೇಲಾಗಿ ಎಕ್ಸೆಲ್ ಹೊರಳಿ ಕ್ಯಾಸ್ಟರ್, ಅಂದರೆ ಚಕ್ರ ಹೊರಳುವ ಅಚ್ಚಿನ ಓರೆ, ಕೆಡುತ್ತದೆ, ಗಾಡಿ ನೇರ ಓಡುವ ಗುಣ ಕಳೆದುಕೊಳ್ಳುತ್ತದೆ. 28 ಇಂಚಿನ ಟೈರ್ ತೆಗೆದು 31 ಇಂಚಿನದು ಹಾಕಿದರೆ ಮೀಟರ್ 60 ತೋರಿಸುವಾಗ ನೀವು ನಿಜವಾಗಿ 66ರಲ್ಲಿರುತ್ತೀರಿ, ಮೈಲೇಜ್ ಲೆಕ್ಕವೂ ಅಷ್ಟೇ ತಪ್ಪುತ್ತದೆ. ಗೇರ್ ಆಯಿಲ್ ದರ್ಜೆಗಳಲ್ಲಿ ಡಿಫ್‌ಗೆ ಜಿಎಲ್‌-5 ಸರಿ. ಹಿತ್ತಾಳೆ ಸಿಂಕ್ರೊ ಉಂಗುರಗಳಿರುವ ಹಳೆಯ ಗೇರ್‌ಬಾಕ್ಸ್‌ಗೆ ಮ್ಯಾನುಯಲ್ ಜಿಎಲ್‌-4 ಎಂದಿದ್ದರೆ ಅದನ್ನೇ ಹಾಕಿ.

ತುಕ್ಕನ್ನು ಬಣ್ಣದ ಮೇಲಿಂದ ಹುಡುಕಬೇಡಿ, ಚಿಕ್ಕ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಗಂಟೆಯಂತೆ ಕೂಗುತ್ತದೆ, ತಿಂದುಹೋದದ್ದು ಬೊದ್ದು ಸದ್ದು ಮಾಡುತ್ತದೆ. ಸ್ಪ್ರಿಂಗ್ ಹ್ಯಾಂಗರ್‌ಗಳ ಹಿಂಭಾಗ ಮೊದಲು. 60 ಸರಣಿಯವರಾದರೆ ಚಾವಣಿಯ ಅಂಚಿನ ನೀರಿನ ಕಾಲುವೆಯನ್ನೂ ನೋಡಿ.

ಎಕ್ಸೆಲ್ ಜೋಡಿಸಿದ ದಿನ 20 ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಹಬ್ಬಿನ ಮೇಲೆ ಕೈ ಇಡಿ. ಬೆಚ್ಚಗಿರಬೇಕು, ಕೈ ಇಡಲಾಗದಷ್ಟು ಬಿಸಿಯಿದ್ದರೆ ಬೇರಿಂಗ್ ಹೆಚ್ಚು ಬಿಗಿಯಾಗಿದೆ. 500 ಕಿಲೋಮೀಟರ್ ಆದಾಗ ಸ್ಟೀರಿಂಗ್ ಆರ್ಮ್‌ನ ನಟ್‌ಗಳನ್ನು ಮತ್ತೆ ಬಿಗಿಯಿರಿ. ಆ ಸ್ಟಡ್‌ಗಳು ಸಡಿಲಾಗಿ ತುಂಡಾದ ಗಾಡಿಗಳಿವೆ, ಇದನ್ನು ಬಿಡಲೇಬೇಡಿ. ಆಮೇಲೆ ಬಿಳಿ ಬಟ್ಟೆಯಿಂದ ಗೋಳವನ್ನು ಒರೆಸಿ, ಒಂದು ವಾರ ಓಡಿಸಿ, ಇನ್ನೊಮ್ಮೆ ಒರೆಸಿ ಬಟ್ಟೆ ನೋಡಿ. ನನ್ನದರಲ್ಲಿ ಕಪ್ಪು ಗ್ರೀಸಿನ ತೆಳು ಗೆರೆ ಮಾತ್ರ ಇತ್ತು, ಆಯಿಲ್ ವಾಸನೆ ಇರಲಿಲ್ಲ.